ಅಳಿವೆ ಬಾಗಿಲಿನ ಒಳಗೆ

ನೇತ್ರಾವತಿ, ಗುರುಪುರ ನದಿಗಳು ಕೂಡಿ ಕಡಲು ಸೇರುವಲ್ಲಿ ಮರಳು ತುಂಬಿಕೊಳ್ಳುತ್ತಲೇ ಇರುತ್ತದೆ. ಮಂಗಳೂರಿನ ಹಳೆ ಬಂದರಿನ ಹಣೆಬರಹ ಬರೆದದ್ದು ಈ ಅಳಿವೆ ಬಾಗಿಲ ಮರಳೇ. ಹನ್ನೆರಡನೇ ಶತಮಾನದ ಯಹೂದಿ ವರ್ತಕ ಅಬ್ರಹಾಂ ಬೆನ್ ಯಿಜು ವರ್ಷಗಟ್ಟಲೆ ನೆಲೆಸಿ ಏಡನ್ನಿನ ಜೊತೆ ವ್ಯಾಪಾರ ಮಾಡಿದ ಊರಿದು. ಆದರೂ ಭಾರೀ ಹಡಗುಗಳು ಹೊರಗಡಲಿನಲ್ಲೇ ಲಂಗರು ಹಾಕಬೇಕಿತ್ತು. ಸರಕು ಸಾಗಿಸಲು ದೋಣಿಗಳೇ ಬೇಕಿದ್ದವು. 1974ರಲ್ಲಿ ಪಣಂಬೂರಿನ ಹೊಸ ಬಂದರು ಹಡಗುಗಳನ್ನು ಕರೆದುಕೊಂಡಿತು. ದೋಣಿಯವರು ಇಲ್ಲೇ ಉಳಿದರು.

ಧಕ್ಕೆಯಲ್ಲಿ ಮಂಜಿಗಳು ನಿಂತಿರುತ್ತವೆ. ಮರದ ಒಡಲು, ಅಗಲ ಹೊಟ್ಟೆ. ಹಾಯಿಯ ಕಾಲ ಹೋಗಿ ಎಂಜಿನ್ ಬಂದಿದೆ. ಅಕ್ಕಿ, ತರಕಾರಿ, ಸಿಮೆಂಟು, ಜಲ್ಲಿ ಹೇರಿಕೊಂಡು ಇವು ಲಕ್ಷದ್ವೀಪಕ್ಕೆ ಹೊರಡುತ್ತವೆ. ಅಮಿನಿ, ಕಡಮತ್, ಕಿಲ್ತಾನ್, ಚೆತ್ಲಾತ್ ದ್ವೀಪಗಳು 1956ರವರೆಗೆ ದಕ್ಷಿಣ ಕನ್ನಡ ಜಿಲ್ಲೆಗೇ ಸೇರಿದ್ದವು ಎಂಬುದು ಇಂದು ಎಷ್ಟು ಜನರಿಗೆ ಗೊತ್ತೋ! ಆಗ ದ್ವೀಪದ ತೆಂಗಿನ ನಾರು ಇಲ್ಲಿಗೆ, ಇಲ್ಲಿನ ಅಕ್ಕಿ ಅಲ್ಲಿಗೆ. ಬ್ರಿಟಿಷ್ ಸರ್ಕಾರ ತನ್ನ ಕೈಯಲ್ಲೇ ಇಟ್ಟುಕೊಂಡಿದ್ದ ವ್ಯಾಪಾರವದು. ಮಳೆಗಾಲದಲ್ಲಿ ಮಂಜಿ ಕಡಲಿಗಿಳಿಯುವುದಿಲ್ಲ.

ಮೀನಿನ ಧಕ್ಕೆಯದು ಬೇರೆಯೇ ಲೋಕ. ಸುತ್ತುಬಲೆಯ ಪರ್ಸಿನ್ ಬೋಟು ಬೆಳಗ್ಗೆ ಹೋಗಿ ಅಂದೇ ಮರಳಬಹುದು; ಆಳಸಮುದ್ರದ ಟ್ರಾಲ್ ಬೋಟು ಹೋದರೆ ವಾರ, ಹತ್ತು ದಿನ. ಅದಕ್ಕೆ ಬೇಕಾದ ಡೀಸೆಲ್, ಐಸು, ನೀರು, ಅಕ್ಕಿ ಎಲ್ಲ ಹೊರಡುವ ಮುಂಚೆಯೇ ಒಳಗೆ ಸೇರಬೇಕು. ಜಾಗ ಸಾಲದೆ ಬೋಟುಗಳನ್ನು ಒಂದಕ್ಕೊಂದು ತಾಗಿಸಿ ಕಟ್ಟಿರುತ್ತಾರೆ. ಹಿಂದಿನ ಬೋಟಿನ ಖಲಾಸಿ ನೆಲ ಮುಟ್ಟಲು ನಾಲ್ಕಾರು ಬೋಟು ದಾಟಬೇಕು, ತಲೆಯ ಮೇಲೆ ಬುಟ್ಟಿಯಿದ್ದರೂ. ಬೋಟು ನಡೆಸುವ ತಾಂಡೇಲ ಮೊಗವೀರನೋ ಬ್ಯಾರಿಯೋ ಆಗಿದ್ದರೆ, ಜೊತೆಗಾರರು ತಮಿಳುನಾಡು, ಆಂಧ್ರ, ಒಡಿಶಾದವರು. ಬಂಗುಡೆ, ಬೂತಾಯಿ ರಾಶಿ ಬಿದ್ದೊಡನೆ ಏಲಂ ಶುರು. ಅಲ್ಲಿ ತುಳುವಿನಲ್ಲಿ ಚೌಕಾಸಿಗಿಳಿದ ಹೆಂಗಸರ ಮುಂದೆ ದಲ್ಲಾಳಿಯ ದನಿ ಗೆಲ್ಲುವುದು ಅಷ್ಟು ಸುಲಭವಲ್ಲ.

ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಮೀನುಗಾರಿಕೆಗೆ ನಿಷೇಧ. ಆಗ ಬಲೆ ಹೆಣೆಯುವವರು, ಬಡಗಿಗಳು, ಎಂಜಿನ್ ಮೆಕ್ಯಾನಿಕ್ಕುಗಳಿಗೆ ಕೈತುಂಬ ಕೆಲಸ. ಸಣ್ಣ ನಾಡದೋಣಿಗಳಿಗೆ ಅನುಮತಿ ಇದೆ, ಕಡಲು ಒಪ್ಪಬೇಕಷ್ಟೆ.

ಎದುರು ದಡದ ಬೆಂಗ್ರೆಯವರಿಗೆ ಮಾತ್ರ ದೋಣಿಯೆಂದರೆ ಬಸ್ಸಿದ್ದಂತೆ. ಒಂದು ಕಡೆ ಕಡಲು, ಇನ್ನೊಂದು ಕಡೆ ಹೊಳೆ, ನಡುವೆ ಮರಳ ಪಟ್ಟಿಯ ಮೇಲೆ ಊರು. ರಸ್ತೆಯಲ್ಲಿ ಬರುವುದಾದರೆ ಕೂಳೂರು ಸುತ್ತಬೇಕು; ಫೆರಿಯಲ್ಲಿ ಕೆಲವೇ ನಿಮಿಷ. ಶಾಲೆ ಚೀಲ, ಮೀನು ಬುಟ್ಟಿ, ಕೆಲವೊಮ್ಮೆ ಸ್ಕೂಟರು ಕೂಡ ಹತ್ತುತ್ತದೆ. ಧಕ್ಕೆ ನೋಡಬೇಕೆನ್ನುವವರು ಬೆಳಗಿನ ಜಾವವೇ ಹೋಗಿ, ಹಳೆ ಚಪ್ಪಲಿ ಹಾಕಿಕೊಂಡು.