ಮಹಾಪಧಮನಿ ಕಮಾನಿನ ಹೈಬ್ರಿಡ್ ಶಸ್ತ್ರಚಿಕಿತ್ಸೆ: ಸ್ಟೆಂಟ್-ಗ್ರಾಫ್ಟ್ ತೊಡಕುಗಳು

ಹೃದಯದಿಂದ ಹೊರಡುವ ಮಹಾಪಧಮನಿಯು ಎದೆಯ ಮೇಲ್ಭಾಗದಲ್ಲಿ ಬಾಗಿ ಕೆಳಗಿಳಿಯುವ ಭಾಗವನ್ನು ಮಹಾಪಧಮನಿ ಕಮಾನು ಎನ್ನುತ್ತಾರೆ. ಮಿದುಳು ಮತ್ತು ತೋಳುಗಳಿಗೆ ರಕ್ತ ಒಯ್ಯುವ ಮೂರು ಶಾಖೆಗಳು ಇಲ್ಲಿಂದ ಹೊರಡುತ್ತವೆ. ಈ ಭಾಗ ಉಬ್ಬಿದಾಗ ಅಥವಾ ಅದರ ಒಳಪದರ ಸೀಳಿದಾಗ, ತೆರೆದ ಶಸ್ತ್ರಚಿಕಿತ್ಸೆಯನ್ನೂ ನಾಳದೊಳಗಿನ ಸ್ಟೆಂಟ್-ಗ್ರಾಫ್ಟ್ ಅಳವಡಿಕೆಯನ್ನೂ ಸೇರಿಸಿ ಮಾಡುವ ಚಿಕಿತ್ಸೆಯೇ ಹೈಬ್ರಿಡ್ ಶಸ್ತ್ರಚಿಕಿತ್ಸೆ. ಸ್ಟೆಂಟ್-ಗ್ರಾಫ್ಟ್ ಎಂದರೆ ಲೋಹದ ಜಾಲರಿಗೆ ಕೃತಕ ಬಟ್ಟೆ ಹೊದಿಸಿದ ಕೊಳವೆ.

== ಹಿನ್ನೆಲೆ ==
ಜರ್ಮನಿಯ ಹ್ಯಾನ್ಸ್ ಬೋರ್ಸ್ಟ್ 1983ರಲ್ಲಿ 'ಆನೆಯ ಸೊಂಡಿಲು' ವಿಧಾನವನ್ನು ವಿವರಿಸಿದರು. ಇದರಲ್ಲಿ ಕಮಾನಿಗೆ ಹೊಲಿದ ಕೃತಕ ನಾಳದ ತುದಿ ಕೆಳಗಿನ ಮಹಾಪಧಮನಿಯೊಳಗೆ ಸೊಂಡಿಲಿನಂತೆ ತೂಗುತ್ತದೆ. ಆ ತುದಿಗೆ ಸ್ಟೆಂಟ್ ಸೇರಿಸಿದ ರೂಪವೇ 'ಫ್ರೋಜನ್ ಎಲಿಫೆಂಟ್ ಟ್ರಂಕ್'. ಇನ್ನೊಂದು ವಿಧಾನದಲ್ಲಿ ಕಮಾನಿನ ಶಾಖೆಗಳಿಗೆ ಮೊದಲು ಬೈಪಾಸ್ ಮಾಡಿ, ನಂತರ ತೊಡೆಸಂದಿಯ ಅಪಧಮನಿಯ ಮೂಲಕ ಸ್ಟೆಂಟ್-ಗ್ರಾಫ್ಟ್ ಇಡಲಾಗುತ್ತದೆ.

== ತೊಡಕುಗಳು ==
ಹೆಚ್ಚು ಗಮನಿಸಬೇಕಾದ ತೊಡಕು ಎಂಡೋಲೀಕ್, ಅಂದರೆ ಗ್ರಾಫ್ಟ್ ಇದ್ದರೂ ಉಬ್ಬಿದ ಚೀಲದೊಳಗೆ ರಕ್ತ ಹರಿಯುವುದು. ಗ್ರಾಫ್ಟಿನ ತುದಿ ನಾಳದ ಗೋಡೆಗೆ ಬಿಗಿಯಾಗಿ ಕೂರದಿದ್ದರೆ ಮೊದಲನೆಯ ಬಗೆ, ಪಕ್ಕದ ಶಾಖೆಯಿಂದ ರಕ್ತ ಹಿಮ್ಮುಖವಾಗಿ ಬಂದರೆ ಎರಡನೆಯ ಬಗೆ, ಗ್ರಾಫ್ಟ್ ಹರಿದರೆ ಅಥವಾ ಅದರ ಭಾಗಗಳು ಬೇರ್ಪಟ್ಟರೆ ಮೂರನೆಯ ಬಗೆ. ಒಂದು ಮತ್ತು ಮೂರನೆಯ ಬಗೆಗಳಲ್ಲಿ ಚೀಲದ ಮೇಲೆ ನೇರ ಒತ್ತಡ ಬೀಳುವುದರಿಂದ ಸಾಮಾನ್ಯವಾಗಿ ಮರುಚಿಕಿತ್ಸೆ ಅಗತ್ಯ. ಎರಡನೆಯದನ್ನು, ಚೀಲ ಹಿಗ್ಗದಿದ್ದರೆ, ಕಾದು ನೋಡಬಹುದು. ಕಮಾನು ಬಾಗಿರುವುದೇ ಇಲ್ಲಿನ ಮೂಲ ಕಷ್ಟ. ನೇರವಾದ ಕೊಳವೆ ಒಳಬಾಗಿನಲ್ಲಿ ಗೋಡೆಯಿಂದ ಎದ್ದು ನಿಲ್ಲುತ್ತದೆ.

ಗ್ರಾಫ್ಟಿನ ಗಡಸು ತುದಿ ಒಳಪದರವನ್ನು ಸೀಳಬಹುದು. ಸೀಳು ಹೃದಯದ ಕಡೆಗೆ ಹಿಮ್ಮುಖವಾಗಿ ಹರಡಿದರೆ ಅದು ತುರ್ತು ತೆರೆದ ಶಸ್ತ್ರಚಿಕಿತ್ಸೆಯ ಸ್ಥಿತಿ. ಬೆನ್ನುಹುರಿಗೆ ರಕ್ತ ಕೊಡುವ ಸಣ್ಣ ಶಾಖೆಗಳು ಮುಚ್ಚಿದರೆ ಕಾಲುಗಳ ಬಲ ಕುಂದುತ್ತದೆ. ಇದು ಕೆಲವೊಮ್ಮೆ ದಿನಗಳ ನಂತರವೂ ಕಾಣಿಸಬಹುದು. ಪಾರ್ಶ್ವವಾಯು, ಗ್ರಾಫ್ಟ್ ಜಾರುವುದು ಮತ್ತು ಸೋಂಕು ಉಳಿದವು. ವಿರಳವಾದರೂ ಅತ್ಯಂತ ಮಾರಕವಾದದ್ದು ಗ್ರಾಫ್ಟ್ ಮತ್ತು ಅನ್ನನಾಳ ಅಥವಾ ಶ್ವಾಸನಾಳದ ನಡುವೆ ರಂಧ್ರವಾಗುವುದು. ಜ್ವರ, ರಕ್ತವಾಂತಿ, ಕೆಮ್ಮಿನಲ್ಲಿ ರಕ್ತ ಇದರ ಸೂಚನೆಗಳು.

== ಹಾವೇರಿ ಜಿಲ್ಲೆಯ ಸಂದರ್ಭ ==
ಇಂತಹ ಶಸ್ತ್ರಚಿಕಿತ್ಸೆ ನಡೆಯುವುದು ದೊಡ್ಡ ನಗರಗಳ ಹೃದ್ರೋಗ ಕೇಂದ್ರಗಳಲ್ಲಿ. ಬೆಂಗಳೂರಿನ ಶ್ರೀ ಜಯದೇವ ಹೃದ್ರೋಗ ವಿಜ್ಞಾನ ಸಂಸ್ಥೆ ರಾಜ್ಯದ ಪ್ರಮುಖ ಸರ್ಕಾರಿ ಹೃದ್ರೋಗ ಸಂಸ್ಥೆಯಾಗಿದೆ. ಹಾವೇರಿ, ಬ್ಯಾಡಗಿ ಮತ್ತು ರಾಣೆಬೆನ್ನೂರು ಮೂರೂ ಹುಬ್ಬಳ್ಳಿ–ಬೆಂಗಳೂರು ರೈಲು ಮಾರ್ಗದಲ್ಲಿದ್ದರೂ, ಹಾವೇರಿಯಿಂದ ಬೆಂಗಳೂರಿಗೆ 300 ಕಿಲೋಮೀಟರಿಗೂ ಹೆಚ್ಚು ದೂರವಿದೆ. ಆದ್ದರಿಂದ ಊರಿಗೆ ಮರಳಿದ ರೋಗಿಯಲ್ಲಿ ತೊಡಕು ಕಾಣಿಸಿಕೊಂಡಾಗ ಮೊದಲು ನೋಡುವವರು ತಾಲ್ಲೂಕು ಅಥವಾ ಜಿಲ್ಲಾ ಆಸ್ಪತ್ರೆಯ ವೈದ್ಯರು. ಹಠಾತ್ ಎದೆನೋವು ಅಥವಾ ಬೆನ್ನುನೋವನ್ನು ವಾಯು ಎಂದು ಬಗೆಯುವುದು ಸುಲಭ. ಬ್ಯಾಡಗಿಯಂತಹ ಮೆಣಸಿನಕಾಯಿ ಮಾರುಕಟ್ಟೆಯ ಊರಿನಲ್ಲಿ ಕೆಮ್ಮನ್ನು ಘಾಟಿನದೆಂದು ಕಡೆಗಣಿಸುವುದು ಇನ್ನೂ ಸುಲಭ. ಆದರೆ ಘಾಟಿನ ಕೆಮ್ಮಿನಲ್ಲಿ ರಕ್ತ ಬರುವುದಿಲ್ಲ.

ಹೃದಯಾಘಾತವೆಂದು ತಿಳಿದು ರಕ್ತಹೆಪ್ಪು ಕರಗಿಸುವ ಚುಚ್ಚುಮದ್ದು ಕೊಟ್ಟರೆ, ಮಹಾಪಧಮನಿ ಸೀಳಿದ ರೋಗಿಗೆ ಅದು ಪ್ರಾಣಾಪಾಯ ತರಬಹುದು. ಹಾಗಾಗಿ 108 ಆಂಬುಲೆನ್ಸ್ ಸಿಬ್ಬಂದಿಗೂ ವೈದ್ಯರಿಗೂ ಗ್ರಾಫ್ಟ್ ಇರುವ ವಿಷಯವನ್ನು ಮೊದಲೇ ತಿಳಿಸುವುದು ಮುಖ್ಯ.

== ಅನುಸರಣೆ ==
ಎಂಡೋಲೀಕ್ ಹಲವು ಬಾರಿ ಯಾವ ನೋವನ್ನೂ ಕೊಡುವುದಿಲ್ಲ, ಸಿ.ಟಿ. ಆಂಜಿಯೋಗ್ರಾಮ್‌ನಲ್ಲಷ್ಟೇ ಕಾಣುತ್ತದೆ. ಸಾಮಾನ್ಯವಾಗಿ ಮೊದಲ ವರ್ಷದಲ್ಲಿ ಒಂದಕ್ಕಿಂತ ಹೆಚ್ಚು ಬಾರಿ, ನಂತರ ವರ್ಷಕ್ಕೊಮ್ಮೆ ಈ ಪರೀಕ್ಷೆ ನಡೆಯುತ್ತದೆ. ಇದಕ್ಕೆ ಬಳಸುವ ದ್ರವವು ಮೂತ್ರಪಿಂಡಕ್ಕೆ ಹೊರೆಯಾಗಬಹುದಾದ್ದರಿಂದ ಮುಂಚೆ ಕ್ರಿಯಾಟಿನಿನ್ ಪರೀಕ್ಷಿಸುತ್ತಾರೆ. ಹೋಲಿಕೆಗೆ ಹಳೆಯ ಚಿತ್ರಗಳ ಸಿ.ಡಿ. ಹಾಗೂ ಗ್ರಾಫ್ಟಿನ ಅಳತೆ ಬರೆದಿರುವ ಬಿಡುಗಡೆ ಪತ್ರ ಬೇಕಾಗುತ್ತವೆ.