ಬೆಳಿಗ್ಗೆ 8 ಗಂಟೆಗೇ ರಕ್ತ ಕೊಡಬೇಕು, ಏಕೆ?

ಕಾರ್ಟಿಸಾಲ್ ಪರೀಕ್ಷೆಗೆ ಬೆಳಿಗ್ಗೆ 8 ಗಂಟೆಗೆ ಬನ್ನಿ ಎಂದಾಗ, ‘ಮಧ್ಯಾಹ್ನ ಬಂದರೆ ಆಗುವುದಿಲ್ಲವೇ?’ ಎಂದು ಹಲವರು ಕೇಳುತ್ತಾರೆ. ದೂರದ ಊರಿನಿಂದ ಬಸ್ಸಿನಲ್ಲಿ ಬರುವವರಿಗೆ ಈ ಪ್ರಶ್ನೆ ಸಹಜ. ಆದರೆ ಈ ಪರೀಕ್ಷೆಯಲ್ಲಿ ರಕ್ತ ತೆಗೆದ ವೇಳೆ ಗೊತ್ತಿಲ್ಲದಿದ್ದರೆ ವರದಿಯ ಅಂಕಿಗೆ ಅರ್ಥವೇ ಇರುವುದಿಲ್ಲ.

ಕಾರ್ಟಿಸಾಲ್ ಎಂದರೇನು?

ನಮ್ಮ ಎರಡೂ ಮೂತ್ರಪಿಂಡಗಳ ಮೇಲೆ ಟೋಪಿಯಂತೆ ಒಂದೊಂದು ಚಿಕ್ಕ ಗ್ರಂಥಿ ಇದೆ. ಇವೇ ಅಡ್ರಿನಲ್ ಗ್ರಂಥಿಗಳು. ಇವು ತಯಾರಿಸುವ ಮುಖ್ಯ ಹಾರ್ಮೋನು ಕಾರ್ಟಿಸಾಲ್. ಜ್ವರ, ಪೆಟ್ಟು, ಶಸ್ತ್ರಚಿಕಿತ್ಸೆ, ಮನಸ್ಸಿನ ಆತಂಕ ಇವೆಲ್ಲವುಗಳಲ್ಲಿ ಇದು ಹೆಚ್ಚುವುದರಿಂದ ‘ಒತ್ತಡದ ಹಾರ್ಮೋನು’ ಎಂಬ ಹೆಸರು ಬಂದಿದೆ. ಹಾಗೆಂದು ಇದು ದೇಹದ ವೈರಿಯಲ್ಲ. ರಕ್ತದೊತ್ತಡವೂ ರಕ್ತದ ಸಕ್ಕರೆಯೂ ಕುಸಿಯದಂತೆ ಕಾಯುವುದು ಇದರ ಕೆಲಸ.

ದಿನದ ಏರಿಳಿತ

ನಡುರಾತ್ರಿಯ ಹೊತ್ತಿಗೆ ಕಾರ್ಟಿಸಾಲ್ ಅತಿ ಕಡಿಮೆ ಇರುತ್ತದೆ. ನಾವಿನ್ನೂ ನಿದ್ರೆಯಲ್ಲಿರುವಾಗಲೇ, ಬೆಳಗಿನ ಜಾವದಲ್ಲಿ ಅದು ಏರತೊಡಗುತ್ತದೆ. ಎಚ್ಚರವಾದ 30ರಿಂದ 45 ನಿಮಿಷಗಳಲ್ಲಿ ಮತ್ತಷ್ಟು ಏರಿ ತುದಿ ಮುಟ್ಟುತ್ತದೆ. ಅಲ್ಲಿಂದ ಮಧ್ಯಾಹ್ನದವರೆಗೆ ಬೇಗ ಬೇಗ, ಆಮೇಲೆ ನಿಧಾನವಾಗಿ ಇಳಿಯುತ್ತದೆ. ಮೆದುಳಿನಲ್ಲಿರುವ ಗಡಿಯಾರದಂತಹ ವ್ಯವಸ್ಥೆ ಇದನ್ನು ನಡೆಸುತ್ತದೆ; ಹಗಲಿನ ಬೆಳಕು ಆ ಗಡಿಯಾರವನ್ನು ಸರಿಪಡಿಸುತ್ತಿರುತ್ತದೆ. ರಾತ್ರಿ ಪಾಳಿಯಲ್ಲಿ ದುಡಿಯುವವರಲ್ಲಿ ಈ ಲಯ ಏರುಪೇರಾಗಬಹುದು.

ಸಕ್ಕರೆ ಕಾಯಿಲೆಯ ಕೆಲವರಿಗೆ ರಾತ್ರಿಯಿಡೀ ಏನೂ ತಿನ್ನದಿದ್ದರೂ ಬೆಳಿಗ್ಗೆ ಸಕ್ಕರೆ ಹೆಚ್ಚಿರುವುದಕ್ಕೆ ಈ ಬೆಳಗಿನ ಏರಿಕೆಯೂ ಒಂದು ಕಾರಣ.

ಪರೀಕ್ಷೆಯಿಂದ ತಿಳಿಯುವುದೇನು?

ಒಂದು ಡೆಸಿಲೀಟರ್ ರಕ್ತದಲ್ಲಿ 4 ಮೈಕ್ರೋಗ್ರಾಂ ಕಾರ್ಟಿಸಾಲ್ ಇದೆ ಎನ್ನೋಣ. ರಾತ್ರಿ 8 ಗಂಟೆಗೆ ಇದು ಸಹಜ. ಬೆಳಿಗ್ಗೆ 8 ಗಂಟೆಗೆ ಇಷ್ಟೇ ಇದ್ದರೆ ಅಡ್ರಿನಲ್ ಗ್ರಂಥಿಗಳು ಸರಿಯಾಗಿ ಕೆಲಸ ಮಾಡುತ್ತಿವೆಯೇ ಎಂದು ವೈದ್ಯರು ಹೆಚ್ಚಿನ ಪರೀಕ್ಷೆ ಮಾಡಿಸುತ್ತಾರೆ. ಇದಕ್ಕೆ ವಿರುದ್ಧವಾಗಿ, ಕುಶಿಂಗ್ ಕಾಯಿಲೆಯಲ್ಲಿ ಕಾರ್ಟಿಸಾಲ್ ರಾತ್ರಿಯೂ ಇಳಿಯುವುದಿಲ್ಲ. ಆದ್ದರಿಂದ ಕೆಲವರಿಗೆ ರಾತ್ರಿ ಮಲಗುವ ಹೊತ್ತಿನಲ್ಲಿ ಜೊಲ್ಲಿನ ಪರೀಕ್ಷೆ ಹೇಳುತ್ತಾರೆ.

ಸ್ಟೀರಾಯ್ಡ್ ಮಾತ್ರೆ ನುಂಗುವವರು ಗಮನಿಸಿ

ಉಬ್ಬಸ, ಕೀಲುವಾತ, ಕೆಲವು ಮೂತ್ರಪಿಂಡದ ಹಾಗೂ ಚರ್ಮದ ಕಾಯಿಲೆಗಳಿಗೆ ಕೊಡುವ ಪ್ರೆಡ್ನಿಸೋಲೋನ್ ಮಾತ್ರೆ ಕಾರ್ಟಿಸಾಲ್‌ನಂತೆಯೇ ಕೆಲಸ ಮಾಡುತ್ತದೆ. ದಿನಕ್ಕೊಮ್ಮೆ ಎಂದಿದ್ದರೆ ಸಾಮಾನ್ಯವಾಗಿ ಬೆಳಿಗ್ಗೆ ತಿಂಡಿಯ ನಂತರ ಕೊಡುತ್ತಾರೆ. ಇದು ದೇಹದ ಸಹಜ ಲಯಕ್ಕೆ ಹೊಂದುತ್ತದೆ, ನಿದ್ರೆಯೂ ಕೆಡುವುದು ಕಡಿಮೆ.

ಕೆಲವು ವಾರ ಈ ಮಾತ್ರೆ ನುಂಗಿದರೆ ನಿಮ್ಮ ಗ್ರಂಥಿಗಳು ತಮ್ಮ ಕೆಲಸ ಕಡಿಮೆ ಮಾಡಿಬಿಡುತ್ತವೆ. ಆಗ ‘ಗುಣವಾಯಿತು’ ಎಂದೋ ‘ಮಾತ್ರೆ ಮುಗಿಯಿತು’ ಎಂದೋ ಒಮ್ಮೆಲೇ ನಿಲ್ಲಿಸಿದರೆ ದೇಹಕ್ಕೆ ಕಾರ್ಟಿಸಾಲ್ ಸಿಗದೆ ವಿಪರೀತ ಸುಸ್ತು, ವಾಂತಿ, ತಲೆಸುತ್ತು ಬರಬಹುದು. ರಕ್ತದೊತ್ತಡ ಕುಸಿದು ಜೀವಕ್ಕೇ ಅಪಾಯವಾಗಬಹುದು. ಇಂತಹ ಲಕ್ಷಣ ಕಂಡರೆ ತಡಮಾಡದೆ ಆಸ್ಪತ್ರೆಗೆ ಕರೆತನ್ನಿ. ಪ್ರಮಾಣವನ್ನು ಹಂತಹಂತವಾಗಿ ಇಳಿಸುವುದು ವೈದ್ಯರ ಕೆಲಸ.

ರೋಗಿಗಳೂ ಜೊತೆಗಿರುವವರೂ ಮಾಡಬೇಕಾದ್ದು

1. ಪರೀಕ್ಷೆಗೆ ಹೇಳಿದ ವೇಳೆಗೇ ಬನ್ನಿ. ತಡವಾದರೆ ಅದನ್ನು ಪ್ರಯೋಗಾಲಯದವರಿಗೆ ತಿಳಿಸಿ.

2. ರಾತ್ರಿ ಪಾಳಿಯ ಕೆಲಸವಿದ್ದರೆ ಮೊದಲೇ ಹೇಳಿ.

3. ಸ್ಟೀರಾಯ್ಡ್ ಮಾತ್ರೆ, ಇನ್ಹೇಲರ್, ಮುಲಾಮು, ಕೀಲಿಗೆ ಹಾಕಿಸಿದ ಇಂಜೆಕ್ಷನ್, ಗರ್ಭನಿರೋಧಕ ಮಾತ್ರೆ ಇವುಗಳಿಂದ ಫಲಿತಾಂಶ ಬದಲಾಗಬಹುದು. ಯಾವುದನ್ನೂ ಮುಚ್ಚಿಡಬೇಡಿ. ನೋವಿಗೆಂದು ತಂದ ಹೆಸರಿಲ್ಲದ ಪುಡಿಯಿದ್ದರೆ ಪೊಟ್ಟಣವನ್ನೇ ತಂದು ತೋರಿಸಿ. ಕೆಲವೊಮ್ಮೆ ಅದರಲ್ಲೂ ಸ್ಟೀರಾಯ್ಡ್ ಬೆರೆತಿರುತ್ತದೆ.

4. ಶಸ್ತ್ರಚಿಕಿತ್ಸೆಗೆ, ಹಲ್ಲು ಕೀಳಿಸಲು ಹೋಗುವಾಗ ಅಥವಾ ಜೋರು ಜ್ವರ ಬಂದಾಗ, ಸ್ಟೀರಾಯ್ಡ್ ಮಾತ್ರೆ ನುಂಗುತ್ತಿರುವ ವಿಷಯವನ್ನು ವೈದ್ಯರಿಗೆ ಮೊದಲು ತಿಳಿಸಿ.

5. ಮಾತ್ರೆ ಮುಗಿಯಲು ನಾಲ್ಕು ದಿನ ಇರುವಾಗಲೇ ಚೀಟಿ ಹಿಡಿದು ಬನ್ನಿ. ಒಂದು ದಿನವೂ ತಪ್ಪದಂತೆ ನೋಡಿಕೊಳ್ಳಿ.