ಬಿಚ್ಚಲಾಗದ ಸಾರುವೆ

ಹೊಳಲ್ಕೆರೆಯಲ್ಲಾಗಲಿ ಹೊಸದುರ್ಗದಲ್ಲಾಗಲಿ ಮನೆ ಕಟ್ಟುವ ಗಾರೆಯವರು ಗೋಡೆ ಮುಗಿದೊಡನೆ ಸಾರುವೆಯನ್ನು ಬಿಚ್ಚಿ ಮತ್ತೊಂದು ಕೆಲಸಕ್ಕೆ ಒಯ್ಯುತ್ತಾರೆ. ಗೋಡೆ ನಿಂತ ಮೇಲೆ ಸಾರುವೆಯ ಹಂಗಿಲ್ಲ. ಆದರೆ ಮನುಷ್ಯನ ಮಿದುಳಿನಲ್ಲಿ ಎಂದಿಗೂ ಬಿಚ್ಚಲಾಗದ ಸಾರುವೆಯೊಂದಿದೆ. ಅದು ಕುಂದಿದರೆ ಮಗುವಿನ ಮಾತೂ ಕಲಿಕೆಯೂ ಕುಂದುತ್ತವೆ.

ನಮ್ಮ ಮಿದುಳಿನಲ್ಲಿ ಸುಮಾರು 8,600 ಕೋಟಿ ನರಕೋಶಗಳಿವೆ. ಒಂದು ಕೋಶವು ಮತ್ತೊಂದಕ್ಕೆ ಸುದ್ದಿ ಮುಟ್ಟಿಸುವ ಸಂಧಿಸ್ಥಾನಕ್ಕೆ ಸಿನಾಪ್ಸ್ ಎಂದು ಹೆಸರು. ಅಲ್ಲಿ ಕೋಶಗಳು ಒಂದನ್ನೊಂದು ತಾಕುವುದಿಲ್ಲ. ನಡುವೆ ಮಿಲಿಮೀಟರಿನ ಐವತ್ತು ಸಾವಿರದಲ್ಲೊಂದು ಪಾಲಿನಷ್ಟು ಕಂಡಿ. ಈಚೆಯ ದಡದಿಂದ ಗ್ಲುಟಮೇಟ್ ಎಂಬ ರಾಸಾಯನಿಕ ಹೊರಡುತ್ತದೆ. ಆಚೆಯ ದಡದ ಗ್ರಾಹಕಗಳು ಅದನ್ನು ಹಿಡಿಯುತ್ತವೆ. ಗ್ರಾಹಕಗಳು ತಕ್ಕ ತಾಣದಲ್ಲಿ ನಿಲ್ಲದಿದ್ದರೆ ಬಂದ ಸುದ್ದಿ ವ್ಯರ್ಥ. ಅವುಗಳನ್ನು ಹಿಡಿದು ನಿಲ್ಲಿಸುವ ಸಾರುವೆಯ ಮುಖ್ಯ ಪ್ರೋಟೀನು ಪಿ.ಎಸ್.ಡಿ.-95. ಅಮೆರಿಕದ ಮೇರಿ ಕೆನಡಿಯವರೂ ಸಂಗಡಿಗರೂ 1992ರಲ್ಲಿ ಇದನ್ನು ವಿವರಿಸಿದರು.

ಈ ಗ್ರಾಹಕಗಳು ಎಲ್ಲೆಡೆ ಸಮನಾಗಿ ಹರಡಿರದೆ ಸಣ್ಣ ಸಣ್ಣ ಗುಂಪುಗಳಾಗಿ ನಿಲ್ಲುತ್ತವೆ, ಆ ವ್ಯವಸ್ಥೆಯಲ್ಲಿ ಪಿ.ಎಸ್.ಡಿ.-95ರ ಕೈವಾಡವಿದೆ ಎಂಬುದನ್ನು ಫ್ರಾನ್ಸಿನ ಬೋರ್ಡೋದಲ್ಲಿ ನಡೆದ ಸಂಶೋಧನೆ 2013ರಲ್ಲಿ ತೋರಿಸಿತು. ಅದರ ಮೊದಲ ಲೇಖಕರಾದ ದೀಪಕ್ ನಾಯರ್ ಬಳಿಕ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಸಿನಾಪ್ಸಿನ ಅಧ್ಯಯನವನ್ನು ಮುಂದುವರಿಸಿದರು.

ಈ ಸಾರುವೆಯ ಅಣುಗಳು ಸವೆಯುತ್ತವೆ. ಹೊಸವು ಬಂದು ಆ ಜಾಗದಲ್ಲಿ ನಿಲ್ಲುತ್ತವೆ. ಅವನ್ನು ತಯಾರಿಸುವ ವಿಧಿಯಿರುವುದು 17ನೆಯ ಕ್ರೋಮೋಸೋಮಿನ ಡಿ.ಎಲ್.ಜಿ.-4 ಎಂಬ ಜೀನಿನಲ್ಲಿ. ತಂದೆಯಿಂದೊಂದು, ತಾಯಿಯಿಂದೊಂದು, ಹೀಗೆ ಅದರ ಎರಡು ಪ್ರತಿಗಳು ನಮ್ಮಲ್ಲಿವೆ. ಒಂದು ಪ್ರತಿ ಕೆಟ್ಟರೂ ತೊಂದರೆಯಾಗಬಲ್ಲುದು. 2021ರಲ್ಲಿ ಹಲವು ದೇಶಗಳ ವೈದ್ಯರು ಇಂಥ 53 ಮಂದಿಯ ವಿವರಗಳನ್ನು ಒಟ್ಟುಗೂಡಿಸಿದರು. ಮಾತು ತಡವಾಗುವುದು, ಬುದ್ಧಿಯ ಬೆಳವಣಿಗೆ ಕುಂಠಿತವಾಗುವುದು, ಹಲವರಲ್ಲಿ ಅಪಸ್ಮಾರ, ಆಟಿಸಂ, ಇವು ಲಕ್ಷಣಗಳು. ಬಹುಪಾಲು ಪ್ರಸಂಗಗಳಲ್ಲಿ ಈ ದೋಷ ತಂದೆತಾಯಿಗಳಲ್ಲಿರಲಿಲ್ಲ; ಮಗುವಿನಲ್ಲಿಯೇ ಹೊಸದಾಗಿ ತಲೆದೋರಿತ್ತು.

ನಮ್ಮ ಊರುಗಳಿಗೆ ಮುಟ್ಟಬೇಕಾದ ಸುದ್ದಿ ಇದೇ. ಮಗು ಮಾತಾಡದಿದ್ದರೆ ಎಲ್ಲರ ಬೊಟ್ಟೂ ಮೊದಲು ತಾಯಿಯ ಕಡೆಗೆ. ಬಸುರಿಯಾಗಿದ್ದಾಗ ಗ್ರಹಣ ನೋಡಿದಳೆನ್ನುವರು, ಪಡೆದು ಬಂದದ್ದೆನ್ನುವರು. ಅಣುವಿನ ಮಟ್ಟದ ಆಕಸ್ಮಿಕಕ್ಕೆ ಹೆತ್ತವಳನ್ನು ಹೊಣೆ ಮಾಡುವುದು ಅನ್ಯಾಯವಲ್ಲವೆ?

ಮಾತು ತಡವಾದ ಮಕ್ಕಳಿಗೆಲ್ಲ ಇದೇ ಕಾರಣವೆಂದು ಭಾವಿಸಬಾರದು. ಇದು ಅತಿ ವಿರಳ. ಕಿವಿಯ ದೋಷವೂ ಇರಬಹುದು, ಬೇರೆ ಜೀನೂ ಇರಬಹುದು. ಕೆಟ್ಟ ಪ್ರತಿಯನ್ನು ಸರಿಪಡಿಸುವ ಔಷಧ ಇನ್ನೂ ಬಂದಿಲ್ಲ. ಆದರೆ ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ, ಬೆಂಗಳೂರಿನ ನಿಮ್ಹಾನ್ಸ್ ಮೊದಲಾದೆಡೆ ಪರೀಕ್ಷೆಯೂ ಚಿಕಿತ್ಸೆಯೂ ಉಂಟು. ಬುದ್ಧಿಯ ಕುಂಠಿತವನ್ನೂ ಆಟಿಸಂ ಅನ್ನೂ 2016ರ ವಿಕಲಚೇತನರ ಹಕ್ಕುಗಳ ಕಾಯಿದೆ ಮಾನ್ಯ ಮಾಡಿದೆ.

ಭಾರತೀಯ ವಿಜ್ಞಾನ ಸಂಸ್ಥೆಯ ಇನ್ನೊಂದು ಆವರಣವಿರುವುದು ಚಿತ್ರದುರ್ಗ ಜಿಲ್ಲೆಯ ಕುದಾಪುರದಲ್ಲಿಯೇ. ವಿಜ್ಞಾನದ ಉಪಾಧ್ಯಾಯರು ಅಲ್ಲಿ ತರಬೇತಿ ಪಡೆಯುತ್ತಾರೆ. ಅವರ ಮೂಲಕ ಈ ತಿಳಿವು ಹಿರಿಯೂರಿನ ಒಂದು ತರಗತಿಗೆ ತಲುಪಿ, ಮೂಲೆಯಲ್ಲಿ ಮೌನವಾಗಿ ಕುಳಿತ ಮಗುವನ್ನು ದಡ್ಡನೆನ್ನುವ ಬದಲು ಯಾರಾದರೊಬ್ಬರು ಅದರ ತಾಯಿಗೆ ವೈದ್ಯರ ದಾರಿ ತೋರಿದರೆ, ಅಷ್ಟರ ಮಟ್ಟಿಗೆ ವಿಜ್ಞಾನ ನಮ್ಮದಾಯಿತು.